ಸಂಘದ ತಂತ್ರಾಂಶ: ಕಟ್ಟುವ ಮುನ್ನ ಕೆಲವು ವಿಚಾರಗಳು

ಕೋಥರೂಡಿನ ಕನ್ನಡ ಮನೆಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಒಳಗೊಂಡ ನಮ್ಮ ಕುಟುಂಬ ಕೈಪಿಡಿಯು ಅಚ್ಚಾಗಿ ಕೈಗೆ ಬರುವಷ್ಟರಲ್ಲಿಯೇ ಹಳತಾಗಿರುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು. ಮಯೂರ ಕಾಲೊನಿಯವರು ಬಾಣೇರಿಗೆ ಮನೆ ಬದಲಿಸಿರುತ್ತಾರೆ. ಡಹಾಣೂಕರ ಕಾಲೊನಿಯ ಹಿರಿಯರು ಮಗನ ಬಳಿ ಬೆಂಗಳೂರಿಗೆ ಹೊರಟುಹೋಗಿರುತ್ತಾರೆ. ಆದುದರಿಂದ ಹಿಂಜವಡಿಯ ಕಂಪನಿಗಳಲ್ಲಿ ದುಡಿಯುತ್ತಿರುವ ನಮ್ಮ ತರುಣರು ಕೆಲವರು, ಕೈಪಿಡಿಯ ಬದಲು ಮೊಬೈಲಿನಲ್ಲಿ ನೋಡಬಹುದಾದ ಒಂದು ತಂತ್ರಾಂಶವನ್ನೇ ಸಂಘಕ್ಕೆ ರಚಿಸಿಕೊಡುವುದಾಗಿ ಮುಂದೆ ಬಂದಿರುವುದು ಸಂತೋಷದ ಸಂಗತಿ.

ಇದು ಹುಡುಗರ ಹವ್ಯಾಸವೆಂದು ಯಾರೂ ತಿಳಿಯಬಾರದು. ಮಕ್ಕಳೆಲ್ಲ ಪರದೇಶದಲ್ಲಿದ್ದು, ವಯಸ್ಸಾದ ದಂಪತಿಗಳಿಬ್ಬರೇ ವಾಸವಾಗಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನೂ ಇಲ್ಲ. ಅಪರಾತ್ರಿಯಲ್ಲಿ ಒಬ್ಬರಿಗೆ ಎದೆನೋವು ಬಂದರೆ ಹತ್ತಿರದ ಯಾರನ್ನು ಕರೆಯಬೇಕೆಂಬುದಕ್ಕೆ ಆ ಪಟ್ಟಿಯೇ ಆಧಾರ. ಪಟ್ಟಿ ಇಲ್ಲದಿದ್ದರೆ ಜನ ಬೇರೆ ದಾರಿ ಹುಡುಕುವರು. ತಪ್ಪಿದ ಪಟ್ಟಿಯಿದ್ದರೆ ಅದನ್ನೇ ನಂಬಿ ಕೆಡುವರು.

ನಾವು ಗಣಕಶಾಸ್ತ್ರವನ್ನು ಕಲಿತವರಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ, ಬೇರೆಯವರು ರಚಿಸಿದ ತಂತ್ರಾಂಶಗಳ ಮುಂದೆ ದಿನವೆಲ್ಲ ಕುಳಿತಿರುವವರು. ಅಡಿಗೆಯ ವಿಷಯದಲ್ಲಿ ಮಾತನಾಡಲು ಉಣ್ಣುವವನಿಗೂ ಅಧಿಕಾರವುಂಟಷ್ಟೆ! ಆ ಧೈರ್ಯದಿಂದಲೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಬಳಸುವವನ ಪಕ್ಕದಲ್ಲಿ ಕುಳಿತು ನೋಡಬೇಕು. ನಾವು ಕಂಡ ಒಂದು ಕಚೇರಿಯಲ್ಲಿ ಅರ್ಜಿಗಳನ್ನು ದಾಖಲಿಸುವ ತಂತ್ರಾಂಶವೊಂದು ಬಂದಿತು. ಅದರಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಮನೆಗಳು. ಮೂರನ್ನೂ ತುಂಬದ ಹೊರತು ಮುಂದೆ ಹೋಗಲು ಅದು ಬಿಡದು. ಮಹಾರಾಷ್ಟ್ರದ ಪದ್ಧತಿಗೆ ಇದು ಸರಿಯೆ. ಆದರೆ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮಾತ್ರ ಇಟ್ಟುಕೊಂಡ ಹಳೆಯ ಮೈಸೂರಿನವರು ಬಂದರೆ ಏನು ಮಾಡಬೇಕು? ಒಬ್ಬ ಗುಮಾಸ್ತನು ಅಡ್ಡಹೆಸರಿನ ಮನೆಯಲ್ಲಿ ಚುಕ್ಕಿಯಿಟ್ಟನು. ಇನ್ನೊಬ್ಬನು ‘ಇಲ್ಲ’ ಎಂದು ಬರೆದನು. ಮತ್ತೊಬ್ಬನು ತಂದೆಯ ಹೆಸರನ್ನೇ ಎರಡು ಸಲ ಹಾಕಿದನು. ಕೊನೆಗೆ ಒಬ್ಬನೇ ಮನುಷ್ಯನು ದಾಖಲೆಯಲ್ಲಿ ಮೂವರಾದನು. ರಚಿಸಿದವರು ಅಜ್ಞಾನಿಗಳೇನಲ್ಲ, ಕಿಟಕಿಯ ಹಿಂದೆ ಒಂದು ಮಧ್ಯಾಹ್ನ ಕುಳಿತಿರಲಿಲ್ಲ, ಅಷ್ಟೆ. ನಮ್ಮ ಸಂಘದಲ್ಲಿಯೋ ಧಾರವಾಡ, ವಿಜಯಪುರಗಳ ಅಡ್ಡಹೆಸರಿನವರೂ ಇದ್ದಾರೆ, ಮೈಸೂರು ಕಡೆಯ ಮೊದಲಕ್ಷರದವರೂ ಇದ್ದಾರೆ. ಇಬ್ಬರಿಗೂ ಸ್ಥಳವಿರಬೇಕು.

ಎರಡನೆಯದಾಗಿ, ಯಂತ್ರಕ್ಕೆ ಕೈಹಾಕುವ ಮುನ್ನ ವಿಷಯದ ಸ್ವಭಾವವನ್ನು ಅರಿಯಬೇಕು. ಇದಕ್ಕೆ ಕನ್ನಡದಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಒತ್ತಕ್ಷರ, ಕಾಗುಣಿತಗಳನ್ನು ಲೆಕ್ಕ ಹಾಕಿದರೆ ಕನ್ನಡದ ಅಕ್ಷರರೂಪಗಳು ಸಾವಿರಗಟ್ಟಲೆ ಆಗುತ್ತವೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಇವೆಲ್ಲವನ್ನೂ ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಅಡಗಿಸಿದರು. ಒತ್ತಕ್ಷರವೆಂಬುದು ಬೇರೆ ಅಕ್ಷರವಲ್ಲ, ಎರಡು ವ್ಯಂಜನಗಳ ಜೋಡಣೆ. ವ್ಯಂಜನಗಳನ್ನು ಕೂಡಿಸಲು ಒಂದು ಕೀಲಿಯಿದ್ದರೆ ಸಾಕು, ರೂಪವನ್ನು ಗಣಕವೇ ಕಟ್ಟಿಕೊಳ್ಳುವುದು. ವ್ಯಾಕರಣವನ್ನು ಬಲ್ಲವರಿಗೆ ಮಾತ್ರ ಹೊಳೆಯುವ ಉಪಾಯವಿದು. ಕರ್ನಾಟಕ ಸರಕಾರವು ಮುಂದೆ ಈ ವಿನ್ಯಾಸವನ್ನೇ ಅಧಿಕೃತವೆಂದು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವುದೂ ಇದೇ.

ಮೂರನೆಯದಾಗಿ, ಚಿಕ್ಕದಾಗಿ ಆರಂಭಿಸಿ ಬೇಗ ಜನರ ಕೈಗೆ ಕೊಡಬೇಕು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ವು 1998ರಲ್ಲಿ ಹೊರಬಂದಾಗ ಅದರ ಉದ್ದೇಶ ಒಂದೇ: ಸಾಮಾನ್ಯ ಗಣಕದಲ್ಲಿ ಸುಲಭವಾಗಿ ಕನ್ನಡವನ್ನು ಬರೆಯುವುದು. ಯೂನಿಕೋಡ್ ಎಂಬ ಸಂಕೇತ ಪದ್ಧತಿಯೂ ಭಾರತದ ಇತರ ಲಿಪಿಗಳೂ ಅದರಲ್ಲಿ ಸೇರಿದ್ದು ಮುಂದಿನ ಆವೃತ್ತಿಗಳಲ್ಲಿ. ಮೊದಲೇ ಎಲ್ಲವನ್ನೂ ಮಾಡಹೊರಟಿದ್ದರೆ ಯಾವುದೂ ಆಗುತ್ತಿರಲಿಲ್ಲವೇನೊ! ನಮ್ಮ ತರುಣರ ಯೋಜನೆಯಲ್ಲಿ ವಧೂವರರ ಪಟ್ಟಿ, ರಾಜ್ಯೋತ್ಸವದ ಚಿತ್ರಗಳು, ಚಂದಾ ವಸೂಲಿ ಎಲ್ಲವೂ ಇವೆಯೆಂದು ಕೇಳಿದ್ದೇವೆ. ಕೂಸು ಹುಟ್ಟುವ ಮುನ್ನ ಕುಲಾವಿ ಬೇಡ. ಮೊದಲು ಹೆಸರು, ವಿಳಾಸ, ಸಂಖ್ಯೆ ಇಷ್ಟು ಸರಿಯಾಗಿ ಬರಲಿ.

ನಾಲ್ಕನೆಯದು, ಎಲ್ಲರೂ ಒಪ್ಪಿದ ಸಂಕೇತಗಳಲ್ಲಿಯೇ ವಿಷಯವನ್ನು ಇಡುವುದು. ನಮ್ಮ ಸಂಘದ ಹಳೆಯ ಸಭೆಗಳ ನಡಾವಳಿಗಳು ಕೆಲವು ಈಗ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಆ ಕಾಲದಲ್ಲಿ ಒಂದೊಂದು ಅಕ್ಷರಶೈಲಿಯೂ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ತನಗೆ ತೋಚಿದಂತೆ ಕನ್ನಡದ ತುಣುಕುಗಳನ್ನು ಕೂರಿಸುತ್ತಿತ್ತು. ಆ ಶೈಲಿ ಮರೆಯಾದರೆ ಬರಹವೂ ಮರೆಯಾದಂತೆಯೇ. ಇದಕ್ಕೆ ಪರಿಹಾರವನ್ನು ಹುಡುಕಿದವರಲ್ಲಿ ನಮ್ಮ ಪುಣೆಯವರೂ ಇದ್ದಾರೆಂಬುದನ್ನು ಇಲ್ಲಿಯ ಕನ್ನಡಿಗರು ನೆನೆಯಬೇಕು. 1988ರಲ್ಲಿ ಇಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು, ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾದ ಭಾರತೀಯ ಲಿಪಿಗಳ ಕೆಲಸವನ್ನು ಮುಂದುವರಿಸಿತು. ನಮ್ಮ ಲಿಪಿಗಳಿಗೆಲ್ಲ ಸಮಾನವಾದ ‘ಇಸ್ಕಿ’ ಎಂಬ ಸಂಕೇತ ಪದ್ಧತಿಯು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಹೊರಬಂದ ಯೂನಿಕೋಡ್, ಇಸ್ಕಿಯ 1988ರ ರೂಪವನ್ನು ಅನುಸರಿಸಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಈಗ ‘ಕ’ಕಾರದ ಸಂಖ್ಯೆ 3221. ಕೋಥರೂಡಿನಲ್ಲಾಗಲಿ ಕ್ಯಾಲಿಫೋರ್ನಿಯದಲ್ಲಾಗಲಿ ಅದು ‘ಕ’ಕಾರವೇ. ತಂತ್ರಾಂಶ ಹೋದರೂ ಬರಹ ಉಳಿಯಬೇಕಾದರೆ ಇದೇ ದಾರಿ.

ಐದನೆಯದು ಪರೀಕ್ಷೆ. ಅನ್ನ ಬೆಂದಿದೆಯೆ ಎಂದು ನೋಡಲು ಒಂದಗುಳು ಸಾಕು. ತಂತ್ರಾಂಶಕ್ಕೆ ಈ ಗಾದೆ ಸಲ್ಲದು. ಅಲ್ಲಿ ಸೊಟ್ಟಗಿರುವ ಅಗುಳುಗಳನ್ನೇ ಆರಿಸಿ ಹಿಚುಕಿ ನೋಡಬೇಕು. ಅಕಾರಾದಿಯನ್ನೇ ತೆಗೆದುಕೊಳ್ಳಿ. ನಮ್ಮ ವರ್ಣಮಾಲೆಯಲ್ಲಿ ‘ಳ’ಕಾರವು ಹಕಾರದ ನಂತರ ಕೊನೆಗೆ ಬರುತ್ತದೆ. ಯೂನಿಕೋಡಿನಲ್ಲಿ ಅದು ‘ಲ’ಕಾರದ ಮಗ್ಗುಲಲ್ಲಿ, ‘ವ’ಕಾರಕ್ಕೂ ಮೊದಲೇ ಕುಳಿತಿದೆ. ಬರಿಯ ಸಂಖ್ಯೆಗಳ ಮೇಲೆ ಜೋಡಿಸಿದರೆ ಬಳಿಗಾರರು ಬಸವರಾಜರಿಗಿಂತ ಮುಂದೆ ನಿಲ್ಲುವರು; ನಮ್ಮ ನಿಘಂಟುಗಳ ಕ್ರಮದಲ್ಲಿ ಬಸವರಾಜರು ಮುಂದೆ, ಬಳಿಗಾರರು ಹಿಂದೆ. ಕನ್ನಡದ ಕ್ರಮವನ್ನು ಯಂತ್ರಕ್ಕೆ ಬೇರೆಯಾಗಿಯೇ ಹೇಳಿಕೊಡಬೇಕು. ಒಂದು ಕಡೆ ಸರಿಯಾಗಿದ್ದುದು ಇನ್ನೊಂದು ಕಡೆಯೂ ಸರಿಯೆಂದು ನಂಬಿದರೆ ಏನಾಗುವುದೆಂಬುದಕ್ಕೆ ಯೂರೋಪಿನ ಏರಿಯಾನ್-5 ರಾಕೆಟ್ಟೇ ಸಾಕ್ಷಿ. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದ ತಂತ್ರಾಂಶದ ಒಂದು ಭಾಗವನ್ನು ಅದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಅದರ ಅಳತೆಯ ಸಂಖ್ಯೆಯೊಂದು ಗೊತ್ತುಮಾಡಿದ್ದ ಸ್ಥಳದಲ್ಲಿ ಹಿಡಿಸಲಿಲ್ಲ. 1996ರ ಜೂನ್ 4ರಂದು, ಮೇಲೆದ್ದ ಸುಮಾರು 40 ಸೆಕೆಂಡುಗಳಲ್ಲಿ ಅದು ಚೂರುಚೂರಾಯಿತು.

ಕೊನೆಯದು, ಜನ ಮತ್ತು ಜವಾಬ್ದಾರಿ. ಐ.ಬಿ.ಎಂ.ನಲ್ಲಿ ಬೃಹತ್ ತಂತ್ರಾಂಶವೊಂದರ ರಚನೆಯನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ ಅವರು, ತಡವಾದ ಕೆಲಸಕ್ಕೆ ಹೆಚ್ಚು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದೆಂದು 1975ರಲ್ಲಿಯೇ ತೋರಿಸಿಕೊಟ್ಟರು. ಹೊಸಬರಿಗೆ ತಿಳಿಯಹೇಳುವುದರಲ್ಲಿಯೇ ಹಳಬರ ಹೊತ್ತು ಕಳೆಯುವುದಷ್ಟೆ. ಹದಿನೈದು ಜನರ ಸಮಿತಿಗಿಂತ ಮೂವರು ಸಾಕು. ಆದರೆ ಮೂವರಿಗೂ ಎಲ್ಲವೂ ತಿಳಿದಿರಬೇಕು. ಯಾವ ದಿನ ಏನನ್ನು, ಏತಕ್ಕಾಗಿ ಬದಲಿಸಿದೆವೆಂಬುದನ್ನು ಬರೆದಿಡಬೇಕು. ರಚಿಸಿದ ತರುಣನಿಗೆ ನಾಳೆ ಸಿಯಾಟಲ್ಲಿಗೆ ವರ್ಗವಾದರೆ, ಇನ್ನೊಬ್ಬನು ಅದನ್ನು ಓದಿ ಮುಂದುವರಿಸುವಂತಿರಬೇಕು. ಪಟ್ಟಿಯ ಪ್ರತಿಯೊಂದು ಬೇರೆ ಕಡೆ ಭದ್ರವಾಗಿರಬೇಕು. ಒಂಟಿಯಾಗಿರುವ ಹಿರಿಯರ ವಿಳಾಸವು ಕಂಡಕಂಡವರ ಕೈಗೆ ಸಿಗಬಾರದು. ಒಪ್ಪಿಗೆಯಿಲ್ಲದೆ ಯಾರ ವಿವರವನ್ನೂ ಸೇರಿಸಬಾರದು. ಬೇಡವೆಂದವರದನ್ನು ಕೂಡಲೇ ತೆಗೆಯಬೇಕು. ವೈಯಕ್ತಿಕ ವಿವರಗಳ ರಕ್ಷಣೆಗಾಗಿ ನಮ್ಮ ಸಂಸತ್ತು 2023ರಲ್ಲಿ ಒಂದು ಶಾಸನವನ್ನೇ ಮಾಡಿದೆಯೆಂಬುದನ್ನು ಮರೆಯಲಾಗದು.

ಇದರಲ್ಲಿ ವಾಚಕರ ಪಾಲೂ ಇದೆ. ತರುಣರು ಮೊದಲ ಆವೃತ್ತಿಯನ್ನು ತಂದಾಗ ‘ಬಹಳ ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಕಳುಹಿಸಿಬಿಡಬೇಡಿ. ಕನ್ನಡಕವಿಲ್ಲದೆ ಅಕ್ಷರ ಕಾಣುತ್ತದೆಯೆ, ನಿಮ್ಮ ಹೆಸರು ನೀವು ಬರೆಯುವಂತೆಯೇ ಬಂದಿದೆಯೆ, ಪಕ್ಕದ ಮನೆಯವರ ಸಂಖ್ಯೆ ಒಂದು ನಿಮಿಷದಲ್ಲಿ ಸಿಗುತ್ತದೆಯೆ ಎಂದು ನೋಡಿ, ಸಿಗದಿದ್ದರೆ ಸಂಕೋಚವಿಲ್ಲದೆ ಹೇಳಿ. ಮನೆಯ ಅಜ್ಜಿಯ ಕೈಗೆ ಕೊಟ್ಟು, ಏನನ್ನೂ ಹೇಳಿಕೊಡದೆ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳುವಂತೆ ರಚಿಸಿದವರಿಗೂ ನಮ್ಮ ವಿನಂತಿ. ಅವರ ಬೆರಳು ಎಲ್ಲಿ ತಡವರಿಸುವುದೋ ಅಲ್ಲಿಂದಲೇ ಎರಡನೆಯ ಆವೃತ್ತಿಯ ಕೆಲಸ ಮೊದಲಾಗಲಿ.