ಬ್ಯಾಂಡಿಗೆ ವಯಸ್ಸಾಗುವ ಬಗೆ

2024ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಉತ್ತರ ಅಮೆರಿಕದಲ್ಲಿ ಊರೂರು ಸುತ್ತಿ ಕಾರ್ಯಕ್ರಮ ಕೊಟ್ಟಿತು. ಅದರ ಪ್ರಾಯೋಜಕರು ತಂಪು ಪಾನೀಯದವರಲ್ಲ, ಮೊಬೈಲ್ ಕಂಪನಿಯವರೂ ಅಲ್ಲ. 50 ದಾಟಿದವರ ಹಿತ ಕಾಯುವ ಎಎಆರ್‌ಪಿ ಎಂಬ ಸಂಘಟನೆ! ರಾಕ್ ಸಂಗೀತಕ್ಕೂ ಪಿಂಚಣಿದಾರರಿಗೂ ನಂಟು ಬೆಳೆದದ್ದರ ಮೇಲೆ ಜೋಕುಗಳು ಹುಟ್ಟಿದವು. ಆಕ್ಷೇಪಿಸಲು ಮಾತ್ರ ಏನೂ ಇರಲಿಲ್ಲ. ಹಾಡುಗಾರ ಮಿಕ್ ಜಾಗರ್, ಗಿಟಾರಿನ ಕೀತ್ ರಿಚರ್ಡ್ಸ್ ಇಬ್ಬರಿಗೂ ಆಗ 80. ಕಿರಿಯರಾದ ರಾನ್ ವುಡ್‌ಗೆ ಪ್ರವಾಸದ ನಡುವೆಯೇ 77 ತುಂಬಿತು.

ನಮ್ಮಲ್ಲೂ ಇಂಥವರಿಗೆ ಬರವಿಲ್ಲ. 1980ರ ದಶಕದಲ್ಲಿ ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆಗಳಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಹುಡುಗರು ಈಗ 60–70ರ ಆಸುಪಾಸಿನವರು. ನಿವೃತ್ತಿಯಾದ ಮೇಲೆ ಅಟ್ಟದಿಂದ ಗಿಟಾರ್ ಇಳಿಸಿ, ಧೂಳು ಒರೆಸಿ, ಹಳೆಯ ಗೆಳೆಯರಿಗೆ ಫೋನ್ ಮಾಡುವವರಿದ್ದಾರೆ. ಮೊದಲ ದಿನದ ಅಭ್ಯಾಸದಲ್ಲಿ ಅರ್ಧ ಹೊತ್ತು ಮಂಡಿನೋವು, ಶುಗರ್, ಮೊಮ್ಮಕ್ಕಳ ಸುದ್ದಿಗೇ ಹೋಗುತ್ತದೆ. ಉಳಿದ ಅರ್ಧದಲ್ಲಿ ಒಂದು ವಿಷಯ ಗೊತ್ತಾಗುತ್ತದೆ: ಕೆಲವು ಕೈತಪ್ಪಿ ಹೋಗಿವೆ, ಕೆಲವು ಇದ್ದ ಹಾಗೇ ಇವೆ. ಕಿವಿ, ಕಣ್ಣು, ಬೆರಳು, ಗಂಟಲು, ಮಿದುಳು ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲ. ಒಬ್ಬರಲ್ಲಿ ಮೊದಲು ಸೋತದ್ದು ಇನ್ನೊಬ್ಬರಲ್ಲಿ ಗಟ್ಟಿಯಾಗಿರುತ್ತದೆ. ಹಾಗಾಗಿ ಬ್ಯಾಂಡಿಗೆ ಅದರ ಸದಸ್ಯರಿಗಿಂತ ನಿಧಾನವಾಗಿ ವಯಸ್ಸಾಗುತ್ತದೆ.

ಮೊದಲು ಕೈಕೊಡುವುದು ಹೆಚ್ಚಾಗಿ ಕಿವಿ. ಒಳಗಿವಿಯ ಕಾಕ್ಲಿಯಾದಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ಸದ್ದಿನ ಕಂಪನವನ್ನು ನರಗಳಿಗೆ ಅರ್ಥವಾಗುವ ವಿದ್ಯುತ್ ಸಂಕೇತವಾಗಿ ಬದಲಿಸುವುದು ಅವುಗಳ ಕೆಲಸ. ಕೋಳಿಯಂಥ ಹಕ್ಕಿಗಳಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ತಾರ ಧ್ವನಿಗಳನ್ನು ಹಿಡಿಯುವ ಕೋಶಗಳು ಕಾಕ್ಲಿಯಾದ ಬುಡದಲ್ಲಿವೆ, ಮೊದಲು ಹೋಗುವುದೂ ಅವೇ. ಹುಟ್ಟಿನಿಂದ 20,000 ಹರ್ಟ್ಸ್‌ವರೆಗೆ ಕೇಳುವ ಕಿವಿಗೆ 60 ದಾಟಿದ ಮೇಲೆ 10,000 ಹರ್ಟ್ಸ್‌ ಮುಟ್ಟುವುದೇ ಕಷ್ಟ. ಸಂಗೀತಕ್ಕೆ ಇದರಿಂದ ತಕ್ಷಣ ದೊಡ್ಡ ಪೆಟ್ಟೇನೂ ಬೀಳದು. ಪಿಯಾನೋದ ಕಟ್ಟಕಡೆಯ ಮನೆಯ ಸ್ವರವೇ ಸುಮಾರು 4,186 ಹರ್ಟ್ಸ್. ಮಂಕಾಗುವುದು ಸಿಂಬಲ್‌ನ ಮಿರುಗು ಮತ್ತು ಮಾತಿನ ವ್ಯಂಜನಗಳು.

ತಮಾಷೆ ಹುಟ್ಟುವುದು ಇಲ್ಲೇ. ಪಾಶ್ಚಾತ್ಯ ಪದ್ಧತಿಯ ಏಳು ಸ್ವರಗಳಲ್ಲಿ ಐದರ ಹೆಸರು ಬಿ, ಸಿ, ಡಿ, ಇ, ಜಿ. ಐದರಲ್ಲೂ ಸ್ವರಾಕ್ಷರ ಒಂದೇ, ವ್ಯತ್ಯಾಸವೆಲ್ಲ ಮೊದಲಿನ ವ್ಯಂಜನದಲ್ಲಿ. ‘ಸಿ’ಯಲ್ಲಿರುವ ಸಕಾರದ ಬಹುಪಾಲು ಶಕ್ತಿ 4,000 ಹರ್ಟ್ಸ್‌ಗಿಂತ ಮೇಲಿದೆ, ಅದು ಕೇಳದಿದ್ದರೆ ಉಳಿಯುವುದು ಬರೀ ‘ಇ’.

“ಯಾವ ಸ್ಕೇಲ್ ಮಾರಾಯ?”

“ಸಿ.”

“ಇ?”

“ಅಲ್ಲಯ್ಯಾ, ಸಿ!”

“ಹಾಂ, ಜಿ. ಹಂಗನ್ನು ಮತ್ತೆ.”

ಒನ್, ಟೂ, ತ್ರೀ, ಫೋರ್ ಎಂದು ಹಾಡು ಶುರುವಾಗುತ್ತದೆ, ಮೂರು ಸ್ಕೇಲಿನಲ್ಲಿ. ಗದ್ದಲದ ಜಾಸ್ ವೇದಿಕೆಗಳಲ್ಲಿ ಇದಕ್ಕೆ ಒಂದು ಉಪಾಯ ಬಹಳ ಹಿಂದಿನಿಂದ ಇದೆ. ಬೆರಳು ಮೇಲಕ್ಕೆ ತೋರಿಸಿದರೆ ಅಷ್ಟು ಶಾರ್ಪ್, ಕೆಳಕ್ಕೆ ತೋರಿಸಿದರೆ ಅಷ್ಟು ಫ್ಲಾಟ್. ಒಂದು ಬೆರಳು ಮೇಲೆ ಎಂದರೆ ಜಿ, ಎರಡು ಎಂದರೆ ಡಿ. ಒಂದು ಬೆರಳು ಕೆಳಗೆ ಎಂದರೆ ಎಫ್. ಯುವಕರು ಗದ್ದಲಕ್ಕಾಗಿ ಮಾಡಿಕೊಂಡ ಸನ್ನೆ ಹಿರಿಯರಿಗೆ ನಿಶ್ಶಬ್ದದಲ್ಲೂ ಬೇಕಾಗುತ್ತದೆ.

ಇನ್ನೊಂದು ವಿಚಿತ್ರವಿದೆ. ರೋಮಕೋಶಗಳು ಕಡಿಮೆಯಾದ ಕಿವಿಗೆ ಮೆಲ್ಲನೆಯ ಸದ್ದು ಕೇಳಿಸುವುದಿಲ್ಲ, ಜೋರು ಸದ್ದಾದರೆ ಸಹಿಸುವುದಕ್ಕಾಗುವುದಿಲ್ಲ. ನಡುವಿನ ಹರವೇ ಕುಗ್ಗಿರುತ್ತದೆ. “ಸ್ವಲ್ಪ ಜೋರಾಗಿ ಹೇಳು” ಎಂದವರೇ ಮರುಕ್ಷಣ “ಯಾಕೆ ಕಿರುಚ್ತೀಯಾ?” ಎನ್ನುವುದು ಮುಂಗೋಪದಿಂದಲ್ಲ. ಇದಕ್ಕೆ ಸರಿಯಾಗಿ ಗಿಟಾರಿನ ಆಂಪ್ಲಿಫೈಯರ್ ನೆಲದ ಮೇಲೆ ಕೂತಿರುತ್ತದೆ. ತಾರ ಧ್ವನಿಗಳು ನೇರ ರೇಖೆಯಲ್ಲಿ ಸಾಗುವುದರಿಂದ ಅವು ಬಾರಿಸುವವನ ಮಂಡಿಗೆ ತಾಗಿ ಮುಂದೆ ಹೋಗುತ್ತವೆ. ಮಂಡಿಗೆ ನೋವು ಗೊತ್ತು, ಸಂಗೀತ ಗೊತ್ತಿಲ್ಲ. ತನಗೇ ಕೇಳುತ್ತಿಲ್ಲವೆಂದು ಅವನು ವಾಲ್ಯೂಮ್ ಏರಿಸುತ್ತಾನೆ, ಅವನಿಂದಾಗಿ ಬೇಸ್ ಗಿಟಾರಿನವನು ಏರಿಸುತ್ತಾನೆ, ಡ್ರಮ್ಮರ್‌ಗೆ ಏರಿಸುವ ತಿರುಪು ಇಲ್ಲದ್ದರಿಂದ ತೋಳಿನ ಬಲ ತೋರಿಸುತ್ತಾನೆ.

ಈ ಪೈಪೋಟಿಗೆ ಬೆಲೆ ತೆರಬೇಕಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಯೋಷ್‌ನ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ ಆ ಮಟ್ಟವನ್ನು ಸಲೀಸಾಗಿ ಮುಟ್ಟುತ್ತದೆ. ಎಸಿ/ಡಿಸಿ ತಂಡದ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಪ್ರವಾಸವನ್ನು ನಡುವೆಯೇ ಬಿಡಬೇಕಾಯಿತು. ಹೀಗೇ ಮುಂದುವರಿದರೆ ಪೂರ್ತಿ ಕಿವುಡಾಗುವ ಅಪಾಯವಿದೆ ಎಂದು ವೈದ್ಯರು ಎಚ್ಚರಿಸಿದ್ದರು. ಕಿವಿಯೊಳಗೆ ಕೂರುವ ಹೊಸ ಬಗೆಯ ಸಾಧನದ ನೆರವಿನಿಂದ ಅವರು ಮುಂದೆ ವೇದಿಕೆಗೆ ಮರಳಿದರು.

ಆದರೆ ಕೇಳುವುದು ಕಿವಿಯೊಂದರ ಕೆಲಸವಲ್ಲ. ಟೊರಾಂಟೊದ ರಾಟ್‌ಮನ್ ಸಂಶೋಧನಾ ಸಂಸ್ಥೆಯ ಬೆಂಜಮಿನ್ ಝೆಂಡೆಲ್ ಮತ್ತು ಕ್ಲಾಡ್ ಅಲೇನ್ ಎಲ್ಲ ವಯಸ್ಸಿನ ಸಂಗೀತಗಾರರನ್ನೂ ಇತರರನ್ನೂ ಹೋಲಿಸಿ ನೋಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅತಿ ಮೆಲ್ಲನೆಯ ಸ್ವರವನ್ನು ಗುರುತಿಸುವುದರಲ್ಲಿ ಸಂಗೀತಗಾರರದು ಹೆಚ್ಚುಗಾರಿಕೆಯೇನಿರಲಿಲ್ಲ. ಅವರ ಕಿವಿಗೂ ಎಲ್ಲರಂತೆಯೇ ವಯಸ್ಸಾಗಿತ್ತು. ಗದ್ದಲದ ನಡುವೆ ಮಾತು ಹಿಡಿಯುವುದರಲ್ಲಿ ಮಾತ್ರ 70ರ ಸಂಗೀತಗಾರರು ಸಂಗೀತವಿಲ್ಲದ 50ರವರಿಗೆ ಸಮನಾಗಿದ್ದರು. ಕಿವಿ ಅರ್ಧ ಕೊಟ್ಟದ್ದನ್ನು ಪೂರ್ತಿ ಮಾಡಿಕೊಳ್ಳುವುದನ್ನು ಅವರ ಮಿದುಳು ಕಲಿತಿತ್ತು.

ಕಣ್ಣಿನ ಕತೆ ಚಿಕ್ಕದು. ಓದುವ ಕನ್ನಡಕ ಸುಮಾರು 40 ಸೆಂಟಿಮೀಟರ್ ದೂರಕ್ಕೆ ಹೊಂದಿಸಿದ್ದು. ಸಂಗೀತದ ಹಾಳೆಯ ಸ್ಟ್ಯಾಂಡ್ ಇರುವುದು 60–70 ಸೆಂಟಿಮೀಟರ್‌ನಲ್ಲಿ. ಓದುವ ಕನ್ನಡಕಕ್ಕೆ ಅದು ದೂರವಾಯಿತು, ದೂರದ ಕನ್ನಡಕಕ್ಕೆ ಹತ್ತಿರವಾಯಿತು. ಬೈಫೋಕಲ್ ಹಾಕಿದವರು ಹಾಳೆ ಕಾಣಲೆಂದು ಗಲ್ಲ ಎತ್ತಿ ನುಡಿಸುತ್ತಾರೆ. ನೋಡುವವರಿಗೆ ಅದು ಜಂಬದಂತೆ ಕಾಣುತ್ತದೆ. ಮೇಲಾಗಿ 60ರ ಕಣ್ಣಿನ ಅಕ್ಷಿಪಟಕ್ಕೆ ತಲುಪುವ ಬೆಳಕು 20ರ ಕಣ್ಣಿಗೆ ಸಿಗುವುದರ ಮೂರನೇ ಒಂದರಷ್ಟು. ವೇದಿಕೆಯ ಬಣ್ಣದ ಮಂದಬೆಳಕು ಪ್ರೇಕ್ಷಕರಿಗೆ ಚೆಂದ, ಹಾಳೆ ನೋಡಿ ನುಡಿಸುವವರಿಗೆ ಗ್ರಹಣ.

ಬೆರಳಿನ ವಿಷಯದಲ್ಲಿ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಸಂಧಿವಾತ ಹೆಚ್ಚಾಗಿ ಹಿಡಿಯುವುದು ಹೆಬ್ಬೆರಳಿನ ಬುಡ ಮತ್ತು ಬೆರಳ ತುದಿಯ ಕೀಲುಗಳನ್ನು. ಗಿಟಾರಿನ ತಂತಿ ಒತ್ತಲು ಬೇಕಾದವೂ ಅವೇ. ತಂತಿಯ ಸೆಳೆತ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 0.010 ಅಂಗುಲದ ಮೊದಲ ತಂತಿ ತೆಗೆದು 0.009ರದು ಹಾಕಿದರೆ ಸೆಳೆತ ಶೇ 19ರಷ್ಟು ಇಳಿಯುತ್ತದೆ. ಇಡೀ ತಂಡ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡರೆ ಇನ್ನೊಂದು ಶೇ 11 ಕಡಿಮೆಯಾಗುತ್ತದೆ. ಗಾಯಕನಿಗೂ ಇದರಿಂದ ಲಾಭ. ಮುಪ್ಪಿನಲ್ಲಿ ಧ್ವನಿತಂತುಗಳ ಸ್ನಾಯು ತೆಳುವಾಗಿ, ಶ್ವಾಸಕೋಶದ ಬಿಗಿ ಸಡಿಲಿ, ತಾರಸ್ಥಾಯಿಯಲ್ಲಿ ದನಿ ಒಡೆಯುತ್ತದೆ. ಯೌವನದಲ್ಲಿ ಹಾಡಿದ ಹಾಡನ್ನು ಹಿರಿಯ ರಾಕ್ ಗಾಯಕರು ಒಂದರ್ಧ ಸ್ವರ ಕೆಳಗೆ ಹಾಡುವುದು ಅದಕ್ಕೇ.

ಭಾರ ಹೊರುವ ಕಷ್ಟವೂ ಕಡಿಮೆಯದಲ್ಲ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ ಪ್ರಸಿದ್ಧ ಬೇಸ್ ಆಂಪ್ಲಿಫೈಯರ್, ಸ್ಪೀಕರ್ ಪೆಟ್ಟಿಗೆ ಬಿಟ್ಟೇ, 35 ಕಿಲೋ ದಾಟುತ್ತಿತ್ತು. ಇಂದು ಅಷ್ಟೇ ಶಕ್ತಿಯ ಕ್ಲಾಸ್-ಡಿ ಆಂಪ್ಲಿಫೈಯರ್ ಎರಡು–ಮೂರು ಕಿಲೋಗೆ ಸಿಗುತ್ತದೆ, ಕೈಚೀಲದಲ್ಲಿ ಹಿಡಿಸುತ್ತದೆ. ಎಷ್ಟೋ ಬೇಸ್ ವಾದಕರ ಸೊಂಟ ಉಳಿಸಿದ್ದು ಈ ಟ್ರಾನ್ಸಿಸ್ಟರ್ ವಿದ್ಯೆ.

ಇಷ್ಟೆಲ್ಲ ಕೈಕೊಟ್ಟ ಮೇಲೆ ಒಟ್ಟಿಗೆ ನುಡಿಸುವುದು ಹೇಗೆ ಸಾಧ್ಯ? ಸದ್ದು ಕೇಳಿ ಕೈ ಆಡಿಸಲು ಚುರುಕಿನ ಯುವಕನಿಗೂ ಸುಮಾರು 150 ಮಿಲಿಸೆಕೆಂಡು ಬೇಕು. ವಯಸ್ಸಾದಂತೆ ಅದು ಹೆಚ್ಚುತ್ತದೆ. ಡ್ರಮ್ಮಿನ ಪೆಟ್ಟು ಕೇಳಿದ ಮೇಲೆ ತಂತಿ ಮೀಟುವುದಾದರೆ ಯಾವ ವಯಸ್ಸಿನ ತಂಡವೂ ತಾಳದಲ್ಲಿ ಇರಲಾರದು. ಜನರನ್ನು ಮೆಟ್ರೊನೋಮ್ ಜೊತೆ ಬೆರಳು ಬಡಿಯಲು ಹೇಳಿದರೆ, ಪೆಟ್ಟಿಗಿಂತ ಹಲವು ಹತ್ತು ಮಿಲಿಸೆಕೆಂಡು ಮೊದಲೇ ಬಡಿಯುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಒಟ್ಟಿಗೆ ನುಡಿಸುವುದೆಂದರೆ ಪ್ರತಿಕ್ರಿಯೆಯಲ್ಲ, ಮುನ್ನಂದಾಜು. ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಮಿದುಳು ಮೊದಲೇ ಲೆಕ್ಕ ಹಾಕಿರುತ್ತದೆ, ತಪ್ಪಿದರೆ ಮುಂದಿನದರಲ್ಲಿ ಸರಿಮಾಡಿಕೊಳ್ಳುತ್ತದೆ. ಸಮಗತಿಯ ತಾಳಕ್ಕೆ ಹೊಂದಿಕೊಳ್ಳುವ ಈ ಶಕ್ತಿ ಮುಪ್ಪಿನಲ್ಲೂ ಬಹುಮಟ್ಟಿಗೆ ಉಳಿಯುತ್ತದೆ. ಮೂವತ್ತು ವರ್ಷ ಜೊತೆಗಿದ್ದವರಿಗಂತೂ ಡ್ರಮ್ಮರ್ ಎಲ್ಲಿ ಅವಸರಪಡುತ್ತಾನೆ, ಗಾಯಕ ಯಾವ ಸಾಲಿನಲ್ಲಿ ಉಸಿರಿಗೆ ನಿಲ್ಲುತ್ತಾನೆ ಎಂಬುದು ಅವರಿಗಿಂತ ಮೊದಲೇ ಗೊತ್ತು.

ಬದಲಾಗುವುದು ಒಳಗಿನ ನಡಿಗೆ. ಡೆವಿನ್ ಮೆಕಾಲಿ ಮತ್ತು ಸಂಗಡಿಗರು ಚಿಕ್ಕ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ತಮಗೆ ಹಿತವೆನಿಸುವ ವೇಗದಲ್ಲಿ ತಾಳ ಬಡಿಯಲು ಹೇಳಿದರು. ವಯಸ್ಸು ಏರಿದಂತೆ ಆ ವೇಗ ಇಳಿಯುವುದನ್ನು 2006ರಲ್ಲಿ ವರದಿ ಮಾಡಿದರು. ಹಳೆಯ ಕ್ಯಾಸೆಟ್ ಹಾಕಿ ಕೇಳಿದ ಹಿರಿಯ ತಂಡ “ಆಗ ಯಾಕೆ ಇಷ್ಟು ಓಡ್ತಿದ್ವಿ?” ಎಂದು ಬೆರಗಾಗುವುದರ ಹಿಂದೆ ಇದೂ ಇರಬಹುದು.

ಕೈಯ ನೆನಪು ತಲೆಯ ನೆನಪಿಗಿಂತ ನಂಬಿಕಸ್ಥ. ಹೆಸರು ನಾಲಿಗೆಯ ತುದಿಯಲ್ಲೇ ನಿಂತುಬಿಡುವುದು ವಯಸ್ಸಾದಂತೆ ಹೆಚ್ಚುತ್ತದೆ. ಅಭ್ಯಾಸದಿಂದ ಕೂಡಿಟ್ಟ ಚಲನೆಗಳನ್ನು ಕಾಯುವುದು ಬೇರೆಯೇ ಜಾಲ: ಮಿದುಳಿನ ತಳಗಂಟುಗಳು ಮತ್ತು ಸೆರಿಬೆಲ್ಲಮ್. “ಈ ಹಾಡಿನ ಮೊದಲ ಕಾರ್ಡ್ ಯಾವುದು?” ಎಂದು ಕೇಳಿದರೆ ತಬ್ಬಿಬ್ಬಾಗುವವರು ಗಿಟಾರ್ ಕೈಗಿತ್ತರೆ ನುಡಿಸಿಯೇಬಿಡುತ್ತಾರೆ, ನುಡಿಸಿದ ಮೇಲೆ ಬೆರಳು ನೋಡಿ “ಎ ಮೈನರ್” ಎನ್ನುತ್ತಾರೆ. ಇದು ಪುಕ್ಕಟೆಯಲ್ಲ. ರಾಲ್ಫ್ ಕ್ರಾಂಪೆ ಮತ್ತು ಆಂಡರ್ಸ್ ಎರಿಕ್ಸನ್ 1996ರಲ್ಲಿ ಪಿಯಾನೋ ವಾದಕರ ಅಧ್ಯಯನವೊಂದನ್ನು ಪ್ರಕಟಿಸಿದರು. ಸಾಮಾನ್ಯ ಚುರುಕಿನ ಪರೀಕ್ಷೆಗಳಲ್ಲಿ 60ರ ನುರಿತ ವಾದಕರೂ ಹವ್ಯಾಸಿಗಳಷ್ಟೇ ನಿಧಾನವಾಗಿದ್ದರು. ಪಿಯಾನೋಗೆ ಬೇಕಾದ ಕೈಚಳಕ ಮಾತ್ರ ಉಳಿದಿತ್ತು, ಅದೂ ಅಭ್ಯಾಸ ಬಿಡದವರಲ್ಲಿ.

ಹಿರಿಯರು ಇದನ್ನೆಲ್ಲ ನಿಭಾಯಿಸುವ ಬಗೆಯನ್ನು ಜರ್ಮನಿಯ ಮನೋವಿಜ್ಞಾನಿ ಪಾಲ್ ಬಾಲ್ಟಿಸ್ ಪಿಯಾನೋ ವಾದಕ ಆರ್ಥರ್ ರುಬಿನ್‌ಸ್ಟೈನ್‌ರ ಉದಾಹರಣೆಯಿಂದ ವಿವರಿಸುತ್ತಿದ್ದರು. 80ರಲ್ಲೂ ಹೇಗೆ ನುಡಿಸುತ್ತೀರಿ ಎಂದರೆ ರುಬಿನ್‌ಸ್ಟೈನ್‌ ಮೂರು ಗುಟ್ಟು ಹೇಳಿದ್ದರು: ಕೃತಿಗಳನ್ನು ಕಡಿಮೆ ಮಾಡುವುದು, ಆ ಕೆಲವನ್ನೇ ಹೆಚ್ಚು ಅಭ್ಯಾಸ ಮಾಡುವುದು, ವೇಗದ ಭಾಗಕ್ಕೆ ಮುನ್ನ ಬೇಕೆಂದೇ ನಿಧಾನಿಸಿ, ಮುಂದಿನದು ವೇಗವೆನಿಸುವಂತೆ ಮಾಡುವುದು. ಆಯ್ಕೆ, ಸಾಣೆ, ಸರಿದೂಗಿಸುವಿಕೆ. ಒಬ್ಬಂಟಿ ಕಲಾವಿದ ಮೂರನ್ನೂ ತಾನೇ ಮಾಡಬೇಕು. ಬ್ಯಾಂಡಿನಲ್ಲಿ ಸರಿದೂಗಿಸಲು ಬೇರೆಯವರಿದ್ದಾರೆ. 2022ರ ಮಾರ್ಚ್‌ನಲ್ಲಿ ಜೆನಿಸಿಸ್ ತಂಡದ ವಿದಾಯ ಕಾರ್ಯಕ್ರಮದಲ್ಲಿ, ಡ್ರಮ್ಸ್ ಕೋಲು ಹಿಡಿಯಲಾಗದ ಫಿಲ್ ಕಾಲಿನ್ಸ್ ಕುರ್ಚಿಯಲ್ಲಿ ಕೂತು ಹಾಡಿದರು. ಡ್ರಮ್ಸ್ ನುಡಿಸಿದ್ದು ಮಗ ನಿಕ್.

ಇದಕ್ಕಿಂತ ಸೊಗಸಾದ ನಿದರ್ಶನ ಕ್ಯೂಬಾದ್ದು. 1996ರ ಮಾರ್ಚ್‌ನಲ್ಲಿ ಹವಾನಾದ ಎಗ್ರೆಮ್ ಸ್ಟುಡಿಯೋದಲ್ಲಿ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಸೇರಿದವರಲ್ಲಿ ಕಾಂಪಾಯ್ ಸೆಗುಂದೊಗೆ 88, ರೂಬೆನ್ ಗೊನ್ಸಾಲೆಸ್‌ಗೆ 76, ಇಬ್ರಾಹಿಂ ಫೆರ‍್ರೇರ್‌ಗೆ 69. ಗೊನ್ಸಾಲೆಸ್ ಪಿಯಾನೋ ವಾದಕ. ಬೆರಳಿಗೆ ಸಂಧಿವಾತ, ಮನೆಯಲ್ಲಿ ನುಡಿಸಲು ಪಿಯಾನೋ ಇಲ್ಲ. ಫೆರ‍್ರೇರ್ ಹಾಡುವುದನ್ನು ಬಿಟ್ಟು ಬೂಟು ಪಾಲಿಶ್ ಮಾಡುತ್ತಿದ್ದವರು. ‘ಬ್ಯುಯೆನಾ ವಿಸ್ತಾ ಸೋಷಿಯಲ್ ಕ್ಲಬ್’ ಹೆಸರಿನ ಆ ಆಲ್ಬಂ 1997ರಲ್ಲಿ ಹೊರಬಂದು ಗ್ರ್ಯಾಮಿ ಗೆದ್ದಿತು. ಮರುವರ್ಷ ಜುಲೈಯಲ್ಲಿ ಅವರು ನ್ಯೂಯಾರ್ಕಿನ ಕಾರ್ನಗಿ ಹಾಲ್‌ನಲ್ಲಿ ನುಡಿಸಿದರು.

ಹಿರಿಯರ ಅಭ್ಯಾಸದ ಕೋಣೆಯಲ್ಲಿ ಕೇಳುವ ನಗೆಗೂ ಒಂದು ಕೆಲಸವಿದೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ತಂಡ 2012ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳ ಪ್ರಕಾರ, ಜೊತೆಗೂಡಿ ನಕ್ಕ ನಂತರ ಜನ ಹೆಚ್ಚು ನೋವು ಸಹಿಸಬಲ್ಲರು. ಹಾಡಿ, ಡ್ರಮ್ಸ್ ಬಾರಿಸಿದ ನಂತರವೂ ಹಾಗೆಯೇ. ಕುಳಿತು ಸಂಗೀತ ಕೇಳಿದವರಲ್ಲಿ ಆ ಪರಿಣಾಮ ಕಾಣಲಿಲ್ಲ. ಮಿದುಳಿನ ಎಂಡಾರ್ಫಿನ್‌ಗಳು ಇದಕ್ಕೆ ಕಾರಣವಿರಬೇಕೆಂದು ಅವರ ಊಹೆ. ನುಡಿಸುವುದೂ ತಪ್ಪು ನುಡಿಸಿ ನಗುವುದೂ ಒಂದೇ ಔಷಧದ ಎರಡು ಗುಳಿಗೆ.

ಹಾಗೆಂದು ಸಂಗೀತ ಮುಪ್ಪನ್ನು ತಡೆಯುತ್ತದೆ ಎನ್ನಲಾಗದು. ವಾದ್ಯ ನುಡಿಸುವ ಹಿರಿಯರಲ್ಲಿ ಮರೆಗುಳಿತನ ಕಡಿಮೆ ಎಂದು ಕೆಲವು ಸಮೀಕ್ಷೆಗಳು ಹೇಳುತ್ತವೆ, ಆದರೆ ಮಿದುಳು ಚೆನ್ನಾಗಿರುವವರೇ ವಾದ್ಯ ಕೈಬಿಡದೆ ಇರುವುದೂ ಸಾಧ್ಯ. ತಡವಾಗಿ ಕಲಿಯಲು ಅಡ್ಡಿಯಿಲ್ಲ ಎಂಬುದಕ್ಕೆ ಮಾತ್ರ ಒಳ್ಳೆಯ ಸಾಕ್ಷಿಯಿದೆ. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ರಾಯ್ ಅರ್ನ್‌ಸ್ಟ್ 50 ದಾಟಿದವರಿಗೆಂದೇ ‘ನ್ಯೂ ಹೊರೈಜನ್ಸ್’ ಬ್ಯಾಂಡ್ ಕಟ್ಟಿದರು. ವಾದ್ಯ ಮುಟ್ಟಿಯೇ ಇಲ್ಲದವರಿಗೂ ಅಲ್ಲಿ ಜಾಗವಿತ್ತು; ಇಂದು ಅಂಥ ತಂಡಗಳು ಹಲವು ದೇಶಗಳಲ್ಲಿವೆ.

ಹೊಸದಾಗಿ ಕೂಡಿಕೊಳ್ಳುವ ಹಿರಿಯ ತಂಡಕ್ಕೆ ವಿಜ್ಞಾನ ಹೇಳುವ ಬುದ್ಧಿಮಾತುಗಳು ಸರಳ. ಆಂಪ್ಲಿಫೈಯರನ್ನು ಕುರ್ಚಿಯ ಮೇಲಿಟ್ಟು ಕಿವಿಯತ್ತ ವಾಲಿಸಿ, ಆಗ ವಾಲ್ಯೂಮ್ ತಾನಾಗಿ ಇಳಿಯುತ್ತದೆ. ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ಸಂಗೀತಗಾರರ ಇಯರ್‌ಪ್ಲಗ್ ಕೊಳ್ಳಿ. ಕನ್ನಡಕದಂಗಡಿಗೆ ಹೋಗುವ ಮೊದಲು ಕಣ್ಣಿಗೂ ಸ್ಟ್ಯಾಂಡಿಗೂ ಇರುವ ದೂರ ಅಳೆದಿಟ್ಟುಕೊಳ್ಳಿ. ಹಾಡು ಕಡಿಮೆ ಮಾಡಿ, ಶ್ರುತಿ ಇಳಿಸಿ, ಅಭ್ಯಾಸ ಬಿಡಬೇಡಿ. ಇದನ್ನೆಲ್ಲ ಡ್ರಮ್ಮರ್‌ಗೆ ಹೇಳುವಾಗ ಮಾತ್ರ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಹೇಳಿ. ಕೋಲುಗಳನ್ನು ಮೊದಲು ಇಸಿದುಕೊಳ್ಳಿ.