ದನಿ ಒಡೆಯುವ ಕಾಲ

ಮಗುವಿನ ಬೆಳವಣಿಗೆಯಲ್ಲಿ ಮನೆಯವರು ಕಾದು ಕುಳಿತು ಸಂಭ್ರಮಿಸುವ ಬದಲಾವಣೆಗಳು ಹಲವಿವೆ. ಮೊದಲ ಹಲ್ಲು, ಮೊದಲ ಹೆಜ್ಜೆ, ಮೊದಲ ತೊದಲು ನುಡಿ ಇವೆಲ್ಲ ಆ ಸಾಲಿನವು. ಆದರೆ 12ರಿಂದ 15 ವರ್ಷದೊಳಗೆ ಹುಡುಗನ ಗಂಟಲಿನಲ್ಲಿ ನಡೆಯುವ ಬದಲಾವಣೆಗೆ ಯಾರೂ ಕಾದಿರುವುದಿಲ್ಲವಾದ್ದರಿಂದ, ಅದು ಬಂದಾಗ ಕೆಲವರು ನಗುತ್ತಾರೆ, ಕೆಲವರು ಗದರುತ್ತಾರೆ, ಮಗ ಸಂಗೀತ ಕಲಿಯುತ್ತಿರುವ ಮನೆಯಲ್ಲಂತೂ ಏನೋ ಕಳೆದುಹೋಯಿತೆಂದು ಮರುಗುತ್ತಾರೆ. ‘ದನಿ ಒಡೆಯಿತು’ ಎಂಬ ಮಾತಿನಲ್ಲೇ ಚೆನ್ನಾಗಿದ್ದದ್ದು ಕೆಟ್ಟಿತೆಂಬ ಭಾವ ಅಡಗಿದೆ. ಅಲ್ಲಿ ಒಡೆಯುವುದು ಏನೂ ಇಲ್ಲ, ಬೆಳೆಯುವುದು ಮಾತ್ರ ಇದೆ.

ಹರೆಯಕ್ಕೆ ಕಾಲಿಡುವ ಹುಡುಗನ ದೇಹದಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಹೆಚ್ಚಿದಂತೆ ಧ್ವನಿಪೆಟ್ಟಿಗೆ, ಅಂದರೆ ಶ್ವಾಸನಾಳದ ಮೇಲ್ತುದಿಯಲ್ಲಿರುವ ಮೃದ್ವಸ್ಥಿಯ ಗೂಡು, ಹಿಗ್ಗುತ್ತದೆ. ಉಸಿರು ಹಾಯುವಾಗ ಅದುರಿ ನಾದ ಹುಟ್ಟಿಸುವ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ತಂಬೂರಿಯಲ್ಲಿ ಮಂದ್ರದ ತಂತಿ ಉಳಿದವುಗಳಿಗಿಂತ ದಪ್ಪವಾಗಿರುವುದಕ್ಕೂ ಇದಕ್ಕೂ ನಿಯಮ ಒಂದೇ. ಬಾಲಕನ ಮಾತಿನಲ್ಲಿ ಸೆಕೆಂಡಿಗೆ ಸುಮಾರು 250 ಬಾರಿ ಅದುರುತ್ತಿದ್ದ ತಂತುಗಳು ಬೆಳೆದ ಗಂಡಸಿನಲ್ಲಿ ಸುಮಾರು 120 ಬಾರಿ ಅದುರುತ್ತವೆ, ಎಂದರೆ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿದಿರುತ್ತದೆ. ಅಂಗ ಬೆಳೆದ ವೇಗಕ್ಕೆ ಸ್ನಾಯುಗಳ ಹಿಡಿತ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕಾಗುವುದರಿಂದ, ಒಂದೇ ವಾಕ್ಯ ಗಡುಸಾಗಿ ಆರಂಭವಾಗಿ ನಡುವೆ ಕೀರಲಾಗಿ ಜಾರುತ್ತದೆ. ಹುಡುಗಿಯರ ದನಿಯೂ ಕೆಳಗಿಳಿಯುತ್ತದೆ, ಆದರೆ ಇಳಿಕೆ ಸುಮಾರು ಮೂರು ಸ್ವರಸ್ಥಾನಗಳಷ್ಟೇ ಆದ್ದರಿಂದ ಮನೆಯವರ ಕಿವಿಗೆ ಅದು ಬೀಳುವುದು ಕಡಿಮೆ.

ಈ ಬದಲಾವಣೆ ಅತ್ಯಂತ ನಿಚ್ಚಳವಾಗಿ ಕಾಣುವುದು ಸಂಗೀತದ ಪಾಠದಲ್ಲಿ. ಐದೂವರೆ ಮನೆ ಶ್ರುತಿಯಲ್ಲಿ ತಾರ ಷಡ್ಜವನ್ನು ಸಲೀಸಾಗಿ ಮುಟ್ಟುತ್ತಿದ್ದ ಹುಡುಗ ಈಗ ಪಂಚಮ ದಾಟುವಷ್ಟರಲ್ಲಿ ದನಿ ಸೀಳಿ ತಲೆ ತಗ್ಗಿಸುತ್ತಾನೆ. ಹಳೆಯ ಶ್ರುತಿಗೇ ಎಳೆದು ಹಾಡಿಸುವುದು ಎಳೆಯ ತಂತುಗಳಿಗೆ ಮಾಡುವ ಅನ್ಯಾಯ. ಪಾಠವನ್ನೇ ಬಿಡಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ಅನುಭವಿ ಗುರುಗಳು ಶ್ರುತಿಪೆಟ್ಟಿಗೆಯ ಮನೆ ಇಳಿಸಿ, ತಾರ ಸ್ಥಾಯಿಯನ್ನು ಕೆಲಕಾಲ ಮುಟ್ಟದೆ, ಮಾಯಾಮಾಳವಗೌಳದ ಸರಳೆ ಜಂಟಿಗಳಿಗೆ ಶಿಷ್ಯನನ್ನು ಮರಳಿಸಿ, ಮೆಲುದನಿಯಲ್ಲಿ ಹಾಡಿಸುತ್ತ ತಾಳ ಮತ್ತು ಕೇಳ್ಮೆಯ ಕಡೆಗೆ ಗಮನ ಹೊರಳಿಸುತ್ತಾರೆ. ಹಾಗೆ ಕಾದರೆ, ಮೊದಲು ದನಿಗೆ ನಿಲುಕದೆ ಇದ್ದ ಮಂದ್ರದ ಸ್ವರಗಳು ಒಂದೊಂದಾಗಿ ತಾವಾಗಿಯೇ ಕೈಗೂಡುತ್ತವೆ.

ಧ್ವನಿಪೆಟ್ಟಿಗೆ ಸರಿಯಾಗಿ ಬೆಳೆದಿದ್ದರೂ ಕೆಲವು ಹುಡುಗರು ಬಾಲ್ಯದ ಎತ್ತರದ ದನಿಯಲ್ಲೇ ಉಳಿದುಬಿಡುವುದುಂಟು. ಪ್ಯೂಬರ್‌ಫೋನಿಯಾ ಎಂದು ಕರೆಯುವ ಈ ಸ್ಥಿತಿ ಸಾಮಾನ್ಯವಾಗಿ ವಾಕ್ ಚಿಕಿತ್ಸೆಯಿಂದಲೇ ಸರಿಹೋಗುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗಳಿಗೆ ತಪಾಸಣೆ, ಚಿಕಿತ್ಸೆ ಎರಡೂ ದೊರೆಯುತ್ತವೆ.

ಯಕ್ಷಗಾನದ ಪರಂಪರೆ ಈ ವಯಸ್ಸಿಗೆ ಮೊದಲೇ ಜಾಗ ಮಾಡಿಟ್ಟಿತ್ತು. ಕೋಡಂಗಿ, ಬಾಲಗೋಪಾಲರಿಂದ ರಂಗಕ್ಕೆ ಬಂದ ಹುಡುಗ ಸ್ತ್ರೀವೇಷ ಕಟ್ಟಿ, ದನಿ ದೇಹಗಳು ಬಲಿತಂತೆ ಅಭಿಮನ್ಯು, ಬಭ್ರುವಾಹನರಂಥ ಪುಂಡುವೇಷಗಳಿಗೆ, ಅಲ್ಲಿಂದ ಮುಂದಿನ ವೇಷಗಳಿಗೆ ಸಾಗುತ್ತಿದ್ದನಾದ್ದರಿಂದ, ಹಳೆಯ ಪಾತ್ರ ಕೈತಪ್ಪಿದರೆ ಹೊಸದೊಂದು ಅವನಿಗಾಗಿ ಕಾದಿರುತ್ತಿತ್ತು. ಹುಡುಗಿ ಮೈನೆರೆದಾಗಲಾದರೂ ಕಟ್ಟುಪಾಡುಗಳ ಜೊತೆಗೇ ಆರತಿ, ಚಿಗಳಿ ಉಂಡೆಗಳ ಸಂಭ್ರಮವಿರುತ್ತದೆ. ಹುಡುಗನ ಹೊಸ ದನಿಗೆ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಅಣಕವೊಂದೇ, ಇದು ನಿಜಕ್ಕೂ ನೋವಿನ ಸಂಗತಿ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಮಕ್ಕಳ ಕಲಿಕೆಯನ್ನು ವಿವರಿಸುವಾಗ ಎರಡು ಕ್ರಿಯೆಗಳನ್ನು ಗುರುತಿಸಿದರು: ಹೊಸ ಅನುಭವವನ್ನು ಹಳೆಯ ತಿಳಿವಳಿಕೆಯೊಳಗೆ ಸೇರಿಸಿಕೊಳ್ಳುವುದು ಒಂದು, ಅದು ಹಿಡಿಸದಿದ್ದಾಗ ತಿಳಿವಳಿಕೆಯನ್ನೇ ಮಾರ್ಪಡಿಸಿಕೊಳ್ಳುವುದು ಇನ್ನೊಂದು. ಮಕ್ಕಳನ್ನು ಕುರಿತ ಈ ಮಾತು ತಂದೆತಾಯಿಯರಿಗೂ ಒಪ್ಪುತ್ತದೆ. ಮಗನೆಂದರೆ ಮೊಬೈಲಿನಲ್ಲಿ ಉಳಿದಿರುವ ಆ ಎಳೆಯ ಹಾಡೇ ಎಂದು ನಂಬಿದವರಿಗೆ, ಕೋಣೆಯೊಳಗಿಂದ ಬರುವ ಗಡಸು ಉತ್ತರ ಅವಿಧೇಯತೆಯಂತೆ ಕೇಳಿಸಬಹುದು. ಎಷ್ಟೋ ಸಲ ಅದು ದನಿಯನ್ನು ಹಿಡಿತಕ್ಕೆ ತರಲು ಹುಡುಗ ಹೆಣಗುತ್ತಿರುವ ಸದ್ದಷ್ಟೇ. ಫೋನು ಎತ್ತಿದವನ ಒಂದೇ ಒಂದು ‘ಹಲೋ’ ಕೇಳಿ, ಅವನನ್ನು ತಂದೆಯೆಂದೇ ತಿಳಿದು ಬಂಧುಗಳು ಮದುವೆಯ ದಿನವನ್ನೋ ಊರಿನ ಸುದ್ದಿಯನ್ನೋ ಹೇಳತೊಡಗುವುದು ಈ ದಿನಗಳಲ್ಲಿ ಸಾಮಾನ್ಯ. ಹುಡುಗ ಅವರನ್ನು ತಡೆಯದೆ ಎಲ್ಲವನ್ನೂ ಕೇಳಿಸಿಕೊಂಡು, ಒಂದಕ್ಷರ ಬಿಡದೆ ತಂದೆಗೆ ಮುಟ್ಟಿಸುವುದೂ ಉಂಟು.