ಪ್ರಾಥಮಿಕ ತರಗತಿಯಲ್ಲಿ ಪಿನೋಕಿಯೋ

ಇಟಲಿಯ ಕಾರ್ಲೊ ಕೊಲೋಡಿಯ ‘ಪಿನೋಕಿಯೋ’ ಕಾದಂಬರಿಯನ್ನು ಮಕ್ಕಳಿಗೆ ಬೋಧಿಸುವವರು ಸುಳ್ಳಾಡಿದಾಗ ಬೆಳೆಯುವ ಮೂಗನ್ನೇ ಹಿಡಿದುಕೊಳ್ಳುವುದು ವಾಡಿಕೆ. ನಾನೂ ಬಹುಕಾಲ ಹಾಗೆಯೇ ಮಾಡಿದೆನು. ಪಾಠಾಂತ್ಯದಲ್ಲಿ ನೀತಿಯನ್ನು ಕೇಳಿದರೆ, ‘ಸುಳ್ಳು ಹೇಳಬಾರದು’ ಎಂದು ತರಗತಿಯೆಲ್ಲ ಒಕ್ಕೊರಲಿನಿಂದ ಒಪ್ಪಿಸುತ್ತಿತ್ತು. ಕಥೆಯು ಅಲ್ಲಿಗೇ ಮುಗಿದುಹೋಗುತ್ತಿತ್ತು.

ಆ ಮೂಗಿನ ಪ್ರಸಂಗಕ್ಕಿಂತ ಬಹು ಮೊದಲೇ, ಎಂಟನೆಯ ಅಧ್ಯಾಯದಲ್ಲಿ, ಕೋಟಿನ ಪ್ರಸಂಗವಿದೆ. ಕಡುಬಡವನಾದ ಜೆಪೆಟ್ಟೋ ತಾನು ಕೆತ್ತಿದ ಬೊಂಬೆಯನ್ನು ಶಾಲೆಗೆ ಕಳುಹಿಸಲು ಅಕ್ಷರಮಾಲೆಯ ಪುಸ್ತಕವನ್ನು ಕೊಳ್ಳಬೇಕಾಗಿದೆ. ಹಿಮ ಬೀಳುತ್ತಿರುವಾಗ ತೇಪೆ ಹಾಕಿದ ಕೋಟನ್ನು ಮಾರಿ, ಬರಿಯ ಅಂಗಿಯಲ್ಲಿ ಪುಸ್ತಕದೊಡನೆ ಹಿಂದಿರುಗುತ್ತಾನೆ. ಕೋಟೆಲ್ಲಿ ಎಂದು ಬೊಂಬೆ ಕೇಳಿದರೆ, ಸೆಕೆಯಾಗುತ್ತಿತ್ತೆಂದು ಮಾರಿದೆನೆನ್ನುತ್ತಾನೆ. ಇಲ್ಲಿ ಅಧ್ಯಾಪಕರು ಪುಸ್ತಕವನ್ನು ಮಡಿಚಿ ಸುಮ್ಮನಿರಬೇಕು. ಮೂಗಿನ ಕಥೆಯನ್ನು ಮೊದಲೇ ಕೇಳಿದ್ದ, ತರಗತಿಯಲ್ಲಿ ಎಂದೂ ಬಾಯಿಬಿಡದ ಬಾಲಕನೊಬ್ಬನು ಒಮ್ಮೆ, ‘ಗುರುಗಳೇ, ಆ ಮುದುಕನೂ ಸುಳ್ಳು ಹೇಳಿದ್ನಲ್ರೀ, ಅವನ ಮೂಗ್ಯಾಕ ಬೆಳೀಲಿಲ್ಲ?’ ಎಂದು ಕೇಳಿದನು. ನಾನು ಉತ್ತರಿಸಲಿಲ್ಲ. ಮಕ್ಕಳೇ ತರ್ಕಿಸಿದರು, ಗಂಟೆ ಬಾರಿಸಿದರೂ ನಿಲ್ಲಲಿಲ್ಲ. ಮುಂದೆ ಶಾಲೆಯ ದಾರಿಯಲ್ಲಿಯೇ ಬೊಂಬೆಯು ಆ ಪುಸ್ತಕವನ್ನು ನಾಲ್ಕು ಕಾಸಿಗೆ ಮಾರಿ ಬೊಂಬೆಯಾಟಕ್ಕೆ ಹೋಗುವುದನ್ನು ಓದಿದಾಗ, ಅದರ ಎಲ್ಲ ತುಂಟತನಕ್ಕೂ ನಗುತ್ತಿದ್ದವರು ನಗಲಿಲ್ಲ.

ಮೂವತ್ತಾರು ಕಿರು ಅಧ್ಯಾಯಗಳ ಈ ಗ್ರಂಥವನ್ನು ದಿನಕ್ಕೊಂದರಂತೆ ಗಟ್ಟಿಯಾಗಿ ಓದುವುದೇ ಲೇಸು. 1881ರಲ್ಲಿ ರೋಮಿನ ಮಕ್ಕಳ ವಾರಪತ್ರಿಕೆಯಲ್ಲಿ ಇದು ಧಾರಾವಾಹಿಯಾಗಿ ಬಂದಾಗ, ಹದಿನೈದನೆಯ ಅಧ್ಯಾಯದಲ್ಲಿ ಬೊಂಬೆಯನ್ನು ಓಕ್ ಮರಕ್ಕೆ ನೇಣುಹಾಕಿಸಿ ಗ್ರಂಥಕರ್ತನು ಕಥೆಯನ್ನು ಮುಗಿಸಿಬಿಟ್ಟಿದ್ದನು. ಓದುಗರ ಒತ್ತಾಯದಿಂದ 1882ರಲ್ಲಿ ಮುಂದುವರಿಸಿದನು, 1883ರಲ್ಲಿ ಪುಸ್ತಕವಾಯಿತು. ಅಳುಕಿ ಆ ಅಧ್ಯಾಯವನ್ನು ಹಾರಿಸುವ ಅಧ್ಯಾಪಕರುಂಟು. ನಾನು ಅಲ್ಲಿಗೇ ಆ ದಿನದ ಪಾಠವನ್ನು ನಿಲ್ಲಿಸುತ್ತೇನೆ. ಮರುದಿನ ನಾನು ಒಳಗೆ ಕಾಲಿಡುವ ಮೊದಲೇ ಪುಸ್ತಕವು ಮೇಜಿನ ಮೇಲೆ ತೆರೆದಿರುತ್ತದೆ.